ಗಾಜಿನ ಚಿಪ್ಪೋ, ನಾವೇ ಎರೆದ ಪಿಡಿಎಂಎಸ್ ಚಿಪ್ಪೋ?

ಸಣ್ಣ ಸಣ್ಣ ಕಾಲುವೆಗಳಲ್ಲಿ ದ್ರವ ಬೆರೆಸಿ ಔಷಧಿ ಹೊರುವ ಕಣ ಮಾಡುವ ಚಿಪ್‌ಗಳ ಮಾತಿದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲ್ಯಾಬಿನಲ್ಲೇ ಎರೆದ ಪಿಡಿಎಂಎಸ್ (ಒಂದು ಬಗೆಯ ಸಿಲಿಕೋನ್ ರಬ್ಬರ್) ಚಿಪ್‌ಗೆ. ಗ್ರಾಂಟ್ ಹಣ ಸುರಿದು ತರಿಸಿದ ಗಾಜಿನ ಚಿಪ್ ಎರಡೇ ವಾರಕ್ಕೆ ಕಟ್ಟಿಕೊಂಡಿತು. ಆ ಹೊಟ್ಟೆಯುರಿಯಲ್ಲೇ ಬರೆಯುತ್ತಿದ್ದೇನೆ.

ಬೇಕಾದದ್ದು ಸುಮಾರು 100 ನ್ಯಾನೋಮೀಟರ್‌ನ ಲಿಪೋಸೋಮ್, ಅಂದರೆ ಲಿಪಿಡ್ ಎಂಬ ಕೊಬ್ಬಿನ ಪದರದ ಪುಟ್ಟ ಗುಳ್ಳೆ. ಒಳಗೆ ಔಷಧಿ, ಮೈಮೇಲೆ ಫೋಲೇಟ್ ಎಂಬ ಬಿ ವಿಟಮಿನ್. ಫೋಲೇಟ್ ರಿಸೆಪ್ಟರ್ ಜಾಸ್ತಿ ಇರುವ ಕ್ಯಾನ್ಸರ್ ಕೋಶಗಳು ಅದನ್ನು ಹಿಡಿದು ಒಳಗೆಳೆದುಕೊಳ್ಳುತ್ತವೆ. ಚಿಪ್‌ನ ಒಂದು ಬಾಯಿಂದ ಎಥನಾಲ್‌ನಲ್ಲಿ ಕರಗಿಸಿದ ಲಿಪಿಡ್, ಇನ್ನೊಂದರಿಂದ ಮೂರು ಪಾಲು ಬಫರ್ (ಪಿಎಚ್ ಕಾಯ್ದುಕೊಳ್ಳುವ ನೀರಿನ ದ್ರಾವಣ). ಎರಡೂ ಎಷ್ಟು ಬೇಗ ಬೆರೆತರೆ ಕಣ ಅಷ್ಟು ಚಿಕ್ಕದು.

ಚಿಪ್ ಬದಲು, ಸಣ್ಣ ರಂಧ್ರದ ಪೊರೆಯ ಮೂಲಕ ಲಿಪೋಸೋಮ್ ತಳ್ಳುವ ಎಕ್ಸ್‌ಟ್ರೂಡರ್? ಕೈಯಲ್ಲಿ 21 ಸಲ ತಳ್ಳಿ ನೋಡಿ, ಆಮೇಲೆ ಮಾತಾಡೋಣ. ಕಣಗಳೇನೋ ಚೆನ್ನಾಗಿಯೇ ಬರುತ್ತವೆ.

ನನ್ನನ್ನು ಕಾಡಿದ್ದು ಡಿಎಸ್‌ಪಿಸಿ. ಸುಮಾರು 55 ಡಿಗ್ರಿ ದಾಟಿದ ಮೇಲೇ ಮೆದುವಾಗುವ ಲಿಪಿಡ್ ಇದು. ಬಿಸಿ ಎಥನಾಲ್‌ನಲ್ಲಿ ಸಲೀಸಾಗಿ ಕರಗುತ್ತದೆ, ತಣ್ಣಗಾದರೆ ಮತ್ತೆ ಬೇರೆಯಾಗುತ್ತದೆ. ನಮ್ಮ ಲ್ಯಾಬಿನ ಏಸಿ ನೇರ ಸಿರಿಂಜ್ ಪಂಪ್ ಮೇಲೇ ಬೀಸುತ್ತದೆ. ಒಂದು ದಿನ ಪಂಪ್ ಟಿಕ್ ಟಿಕ್ ಎಂದು ನಿಂತಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಎರಡು ಕಾಲುವೆ ಕೂಡುವ ಜಾಗದಲ್ಲಿ ಗಂಜಿ ಕೆನೆಗಟ್ಟಿದ ಹಾಗೆ ಬಿಳಿ ಪದರ. ಬೆರೆಸಲೆಂದೇ ಕೊರೆದ ಮೀನುಮುಳ್ಳಿನಂಥ ಓರೆ ಗೀರುಗಳಲ್ಲೂ ಅದೇ ಕೂತಿತ್ತು. ಬಿಸಿ ಎಥನಾಲ್ ಹಾಯಿಸಿದೆ, ಹಿಂದಿನಿಂದ ತಳ್ಳಿದೆ, ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಸೋನಿಕೇಟರ್‌ನಲ್ಲಿ ಇಟ್ಟೆ. ಅರ್ಧ ಬಿಟ್ಟಿತು, ಅರ್ಧ ಇನ್ನೂ ಅಲ್ಲೇ ಇದೆ.

ತಪ್ಪು ಚಿಪ್‌ನದ್ದಲ್ಲ, ನನ್ನದೇ. ಪಿಡಿಎಂಎಸ್ ಚಿಪ್ಪೂ ಹೀಗೆಯೇ ಎರಡು ಸಲ ಕಟ್ಟಿಕೊಂಡಿತ್ತು. ಆದರೆ ಅದನ್ನು ಸುಮ್ನೆ ಬಿಸಾಡಿದೆ. ಅಚ್ಚು ನಮ್ಮ ಹತ್ತಿರವೇ ಇದೆ. ಹತ್ತಕ್ಕೆ ಒಂದರಂತೆ ಗಟ್ಟಿಯಾಗಿಸುವ ದ್ರವ ಕಲಸಿ, ಗುಳ್ಳೆ ತೆಗೆದು, ಅಚ್ಚಿಗೆ ಹುಯ್ದು ಓವನ್‌ಗಿಟ್ಟರೆ, ಪ್ಲಾಸ್ಮಾ (ವಿದ್ಯುತ್ ಹಾಯಿಸಿದ ಅನಿಲ) ತಾಗಿಸಿ ಗಾಜಿಗೆ ಅಂಟಿಸಿ ಸಂಜೆಗೆ ಹೊಸ ಚಿಪ್ ರೆಡಿ.

ಪಿಡಿಎಂಎಸ್‌ಗೂ ಕೊರತೆ ಇದೆ. ಹರಿವು ಜಾಸ್ತಿ ಮಾಡಿದರೆ ನಳಿಕೆ ಕಿತ್ತು ಬರುತ್ತದೆ. ಕ್ಲೋರೋಫಾರ್ಮ್ ತಾಗಿದರೆ ಊದಿಕೊಳ್ಳುತ್ತದೆ. ಅಂಥ ದ್ರಾವಕ ಬಳಸುವವರು ಗಾಜನ್ನೇ ತಗೊಳ್ಳಿ. ದಿನಕ್ಕೆ ನಾಲ್ಕೈದು ಮಿಲಿಲೀಟರ್ ಮಾಡುವ, ಪದೇ ಪದೇ ಲಿಪಿಡ್ ಬದಲಿಸುವ ನನ್ನಂಥ ಅವಸರದವರಿಗೆ ಪಿಡಿಎಂಎಸ್ ಸಾಕು.

ಈಗ ಸಿರಿಂಜ್‌ಗೆ ಹೀಟರ್ ಸುತ್ತಿದ್ದೇನೆ. ಮೊದಲು ಬಫರ್ ಬಿಟ್ಟು ಆಮೇಲೆ ಎಥನಾಲ್ ಬಿಡುತ್ತೇನೆ, ಶುರುವಿನ ಹನಿಗಳನ್ನು ಚೆಲ್ಲುತ್ತೇನೆ. ಗಾಜಿನ ಚಿಪ್ ಎಥನಾಲ್ ಬೀಕರ್‌ನಲ್ಲಿ ಮಲಗಿದೆ. ಸರ್ ಕೇಳಿದಾಗಲೆಲ್ಲ 'ನೆನೀತಾ ಇದೆ ಸರ್' ಅನ್ನುತ್ತೇನೆ.