ಕೀನ್ಯಾದಲ್ಲಿ 15 ದಿನ: ಗೆಸ್ಟ್ ಹೌಸ್ ಮೇಲೋ, ಸಭೆಯವರ ಮನೆ ಮೇಲೋ?

2024ರ ಆಗಸ್ಟ್‌ನಲ್ಲಿ ಕೋಲಾರದಿಂದ ನಾವು ಆರು ಜನ ಕೀನ್ಯಾಗೆ ಸೇವೆಗೆ ಹೋಗಿದ್ದೆವು. ಮೆರು ಪಟ್ಟಣದ ಹತ್ತಿರದ ಒಂದು ಮೆಥಡಿಸ್ಟ್ ಸಭೆ, ಅಂದರೆ ಚರ್ಚ್, ನಮ್ಮನ್ನು ಕರೆದಿತ್ತು. ಆ ತಿಂಗಳು ಅಲ್ಲಿ ಶಾಲೆಗಳಿಗೆ ರಜೆ. ಮಕ್ಕಳಿಗೆ ವಿಬಿಎಸ್ (ರಜೆಯ ಬೈಬಲ್ ಶಾಲೆ) ನಡೆಸುವುದು, ನಮ್ಮ ಜೊತೆ ಬಂದಿದ್ದ ಇಬ್ಬರು ನರ್ಸ್ ಅಕ್ಕಂದಿರು ಬಿಪಿ, ಶುಗರ್ ನೋಡುವುದು, ಇಷ್ಟೇ ಕೆಲಸ. ಈಗ ಇನ್ನೊಂದು ತಂಡ ಹೊರಡಲು ತಯಾರಾಗುತ್ತಿದೆ. ಸಿಕ್ಕಿದಾಗಲೆಲ್ಲ ಒಂದೇ ಪ್ರಶ್ನೆ, ಎಲ್ಲಿ ಉಳಿದರೆ ಒಳ್ಳೆಯದು ಅಂತ. ನಾಲ್ಕು ಥರದ ಜಾಗದಲ್ಲೂ ಮಲಗಿ ಎದ್ದು ಬಂದಿದ್ದೇನೆ. ಹಾಗಾಗಿ ಬರೆಯುತ್ತಿದ್ದೇನೆ.

ಹೋಟೆಲ್ ಮಾತು ಮೊದಲು ಮುಗಿಸಿಬಿಡುತ್ತೇನೆ. ನೈರೋಬಿಯಿಂದ ಮೆರುವಿಗೆ ಸುಮಾರು 230 ಕಿಲೋಮೀಟರ್. ದಾರಿಯಲ್ಲಿ ವ್ಯಾನ್ ಕೆಟ್ಟು ಒಂದು ರಾತ್ರಿ ಹೋಟೆಲಲ್ಲಿ ಕಳೆದೆವು. ಬಿಸಿನೀರು, ವೈಫೈ, ಟಿವಿ ಎಲ್ಲ ಇತ್ತು. ಬೆಳಗ್ಗೆ ಕಣ್ಣು ಬಿಟ್ಟಾಗ ಮೆಜೆಸ್ಟಿಕ್ ಹತ್ತಿರದ ಯಾವುದೋ ಲಾಡ್ಜಲ್ಲಿ ಇದ್ದೇನೆ ಅನ್ನಿಸಿತು. ಅಷ್ಟೇ.

ನೈರೋಬಿಯಲ್ಲಿ ಸಭೆಗಳೇ ನಡೆಸುವ ಗೆಸ್ಟ್ ಹೌಸ್‌ಗಳಿವೆ. ಮೊದಲ ರಾತ್ರಿ, ಕೊನೆಯ ಎರಡು ರಾತ್ರಿ ಅಂಥ ಒಂದರಲ್ಲಿದ್ದೆವು. ಗೇಟು, ವಾಚ್‌ಮನ್, ಸೊಳ್ಳೆಪರದೆ, ಬೆಳಗ್ಗೆ ಬ್ರೆಡ್ಡು ಮೊಟ್ಟೆ. ಯಾರಿಗೂ ನಮ್ಮಿಂದ ತೊಂದರೆ ಇಲ್ಲ, ನಮಗೂ ಸಂಕೋಚ ಇಲ್ಲ. ಆದರೆ ರಾತ್ರಿ ಎಂಟಕ್ಕೆ ಅಡುಗೆಮನೆ ಬಾಗಿಲು ಹಾಕುತ್ತಾರೆ. ನಾವು ಏರ್‌ಪೋರ್ಟಿಂದ ತಲುಪಿದ್ದು ಎಂಟೂವರೆಗೆ. ಮೊದಲೇ ಫೋನ್ ಮಾಡಿ ತಿಳಿಸಿದ್ದೆವು, ಆದರೂ ಒಂದು ತಟ್ಟೆ ಎತ್ತಿಟ್ಟಿರಲಿಲ್ಲ. ನಮ್ಮ ಗಡಿಯಾರದಲ್ಲಿ ಆಗಲೇ ಹನ್ನೊಂದು. ಅಮ್ಮ ಕಟ್ಟಿಕೊಟ್ಟಿದ್ದ ನಿಪ್ಪಟ್ಟು, ಚಟ್ನಿಪುಡಿಯೇ ಗತಿ. ಹೋಗುವಾಗ, ಬರುವಾಗ ಮೈಗೆ ಸ್ವಲ್ಪ ವಿಶ್ರಾಂತಿ ಬೇಕಾಗುತ್ತದೆ. ಅದಕ್ಕೆ ಈ ಜಾಗ ಸರಿ.

ಮೆರುವಿನಲ್ಲಿ ಮೂರು ರಾತ್ರಿ ಪಾಸ್ಟರ್ ಮನೆಯಲ್ಲಿದ್ದೆವು. ತುಂಬಾ ಒಳ್ಳೆಯ ಜನ. ತೊಂದರೆ ಏನೆಂದರೆ, ಪಾಸ್ಟರ್ ಮನೆ ಅಂದರೆ ಊರಿಗೆಲ್ಲ ಚಾವಡಿ ಇದ್ದ ಹಾಗೆ. ಬೆಳಗ್ಗೆ ಆರಕ್ಕೇ ಯಾರೋ ಬಾಗಿಲಲ್ಲಿ 'ಬ್ವಾನಾ ಅಸಿಫಿವೆ' ಅನ್ನುತ್ತಾರೆ, ನಮ್ಮಲ್ಲಿ ಸ್ತೋತ್ರ ಅನ್ನುವ ಹಾಗೆ. ಬಂದವರಿಗೆಲ್ಲ ಟೀ. ಪಾಸ್ಟರಮ್ಮ ಕೂತಿದ್ದನ್ನು ಮೂರು ದಿನದಲ್ಲಿ ನಾನು ನೋಡಲೇ ಇಲ್ಲ. ಮಕ್ಕಳ ರೂಮು ನಮಗೆ ಕೊಟ್ಟು, ಮಕ್ಕಳನ್ನು ಸೋಫಾ ಮೇಲೆ ಮಲಗಿಸಿದ್ದರು. ರಾತ್ರಿ ನೀರು ಕುಡಿಯಲು ಎದ್ದಾಗ ಕಾಲು ಮಡಿಸಿ ಮಲಗಿದ್ದ ಆ ಹುಡುಗರನ್ನು ಕಂಡೆ. ಆಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಪಾಸ್ಟರ್ ಮನೆಯಲ್ಲಿ ಎರಡು ದಿನಕ್ಕಿಂತ ಜಾಸ್ತಿ ಉಳಿಯಬೇಡಿ.

ಆಮೇಲೆ ನಮ್ಮನ್ನು ಇಬ್ಬಿಬ್ಬರಾಗಿ ಸಭೆಯವರ ಮನೆಗಳಿಗೆ ಹಂಚಿದರು. ನನಗೂ ಒಬ್ಬ ತಮ್ಮನಿಗೂ ಸಿಕ್ಕಿದ್ದು ಶೋಶೋ ಮನೆ. ಶೋಶೋ ಅಂದರೆ ಅಜ್ಜಿ. ಅರ್ಧ ಎಕರೆ ಕಾಫಿ, ಸುತ್ತ ಬಾಳೆ, ಒಂದು ಹಸು, ಒಬ್ಬಳು ಮೊಮ್ಮಗಳು. ಭೂಮಧ್ಯರೇಖೆ ಪಕ್ಕದ ಊರು, ಸೆಕೆ ಇರುತ್ತದೆ ಅಂತ ನಾವು ಸ್ವೆಟರ್ ಒಯ್ದಿರಲಿಲ್ಲ. ಆದರೆ ಅದು 5,199 ಮೀಟರ್ ಎತ್ತರದ ಮೌಂಟ್ ಕೀನ್ಯಾದ ಇಳಿಜಾರು. ಆಗಸ್ಟ್‌ನಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಶೋಶೋ ತಮ್ಮ ಹಾಸಿಗೆಯ ಕಂಬಳಿಯನ್ನೇ ತೆಗೆದು ನಮಗೆ ಹೊದಿಸಿದರು.

ಊಟಕ್ಕೆ ಮೊದಲು ಮೊಮ್ಮಗಳು ಒಂದು ಕೈಯಲ್ಲಿ ಬೆಚ್ಚಗಿನ ನೀರಿನ ಜಗ್ಗು, ಇನ್ನೊಂದರಲ್ಲಿ ಬೇಸಿನ್, ಹೆಗಲ ಮೇಲೆ ಟವೆಲ್ ಹಿಡಿದು ಬರುತ್ತಿದ್ದಳು. ಒಬ್ಬೊಬ್ಬರ ಮುಂದೂ ಬಗ್ಗಿ ಕೈಗೆ ನೀರು ಹಾಕುತ್ತಿದ್ದಳು. ಆ ನೀರನ್ನು ಇಳಿಜಾರಿನ ಕೆಳಗಿನಿಂದ ಹೊತ್ತು ತರುತ್ತಾರೆ ಅಂತ ಗೊತ್ತಾಗಿದ್ದು ಮೂರನೇ ದಿನ. ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ಧೂಳು ಕಂಡಿರುವ ಕೋಲಾರದವರು ನಾವು. ಅವತ್ತಿಂದ ಸ್ನಾನಕ್ಕೆ ಇಬ್ಬರಿಗೂ ಸೇರಿ ಒಂದೇ ಬಕೆಟ್.

ಉಗಾಲಿ ಅಂದರೆ ಬಿಳಿ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ಮುದ್ದೆ ತಾನೇ ಅಂತ ನಾನು ತುತ್ತು ಮುರಿದು ಹಾಗೇ ನುಂಗಿದೆ. ಅದು ನಮ್ಮ ಮುದ್ದೆಗಿಂತ ಒಣ, ಅಗಿದು ತಿನ್ನಬೇಕಾದದ್ದು. ಗಂಟಲಲ್ಲೇ ನಿಂತಿತು. ಮೊಮ್ಮಗಳು ನಕ್ಕು ನಕ್ಕು ಜಗ್ಗು ಕೆಳಗಿಟ್ಟಳು. ಮರುದಿನ ಬೆಳಗ್ಗೆ ಗಂಜಿ ಕೊಟ್ಟರು. ಒಂದು ಗುಟುಕು ಕುಡಿದ ಕೂಡಲೇ ತಮ್ಮ 'ಅಣ್ಣಾ, ಇದು ರಾಗಿ!' ಅಂದ. ಹೌದು, ರಾಗಿನೇ. ಅಲ್ಲಿ ವಿಂಬಿ ಅನ್ನುತ್ತಾರೆ. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ ಅಂತ ಓದಿದ್ದೆ. ಆದರೆ ಅದನ್ನು ಶೋಶೋ ಮನೆ ಲೋಟದಲ್ಲಿ ಕುಡಿಯುವುದೇ ಬೇರೆ.

ಎರಡನೇ ರಾತ್ರಿ ನಾನು ಎಡವಟ್ಟು ಮಾಡಿದೆ. ಚಪಾತಿ ಮಾಡಿದ್ದರು. ಇಂಡಿಯಾದವರು ಅಂತ ನಮಗೋಸ್ಕರ ಮಾಡಿರಬೇಕು ಅಂದುಕೊಂಡು, 'ನಮಗೆ ಚಪಾತಿ ಬೇಡ, ಉಗಾಲಿನೇ ಸಾಕು' ಅಂದುಬಿಟ್ಟೆ. ಶೋಶೋ ಮುಖ ಬಾಡಿತು. ಪಾಸ್ಟರ್ ಆಮೇಲೆ ಬಿಡಿಸಿ ಹೇಳಿದರು. ಚಪಾತಿ ಅಲ್ಲಿ ಕ್ರಿಸ್ಮಸ್ ಊಟ. ಮೈದಾ, ಎಣ್ಣೆ ಎರಡೂ ದುಬಾರಿ. ನಮ್ಮ ದೇಶದಿಂದ ಹೋದವರೇ ಅಲ್ಲಿಗೆ ಒಯ್ದ ಅಡುಗೆ ಅದು. 1896ರಲ್ಲಿ ಶುರುವಾದ ರೈಲು ಕೆಲಸಕ್ಕೂ ಸಾವಿರಾರು ಜನ ಇಲ್ಲಿಂದಲೇ ಹೋಗಿದ್ದರು. ಈಗ ಅದು ಅವರ ಹಬ್ಬದ ಅಡುಗೆ. ನಮ್ಮ ಮನೆಗೆ ಬಂದವರು ಒಬ್ಬಟ್ಟು ಬೇಡ, ಅನ್ನ ಸಾರು ಸಾಕು ಅಂದರೆ ಹೇಗಿರುತ್ತೆ? ಮರುದಿನ ನಾನೇ ಕೇಳಿ ಮೂರು ಚಪಾತಿ ತಿಂದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಹರಾಜು. ದುಡ್ಡಿಲ್ಲದವರು ಮೊಟ್ಟೆ, ಬಾಳೆಗೊನೆ, ಅವಕಾಡೊ ಕಾಣಿಕೆ ತರುತ್ತಾರೆ, ಅದನ್ನೇ ಹರಾಜು ಕೂಗುತ್ತಾರೆ. ನಮ್ಮ ಚರ್ಚಿನ ಸುಗ್ಗಿ ಹಬ್ಬದ ಥರಾನೇ. ಒಬ್ಬ ಟೈಲರ್ ಜಿದ್ದಿನ ಮೇಲೆ ಕೂಗಿ ಒಂದು ಕೋಳಿ ಗೆದ್ದು, ತಂದು ನನ್ನ ತೋಳಿಗೆ ಕೊಟ್ಟು ಹೋದರು. ಅತಿಥಿಗೆ ಅಂತೆ. ಜೀವಂತ ಕೋಳಿ ಹಿಡಿದುಕೊಂಡೇ ಕೊನೆಯ ಪ್ರಾರ್ಥನೆಗೆ ನಿಂತೆ. ಆ ಕೋಳಿ ಈಗಲೂ ಶೋಶೋ ಮನೆಯಲ್ಲಿದೆ.

ಖರ್ಚಿನ ಮಾತು. ಗೆಸ್ಟ್ ಹೌಸಲ್ಲಿ ಎಂ-ಪೆಸಾ (ಫೋನಲ್ಲೇ ದುಡ್ಡು ಕಟ್ಟುವ ಅಲ್ಲಿನ ವ್ಯವಸ್ಥೆ) ಒತ್ತಿದರೆ ಲೆಕ್ಕ ಚುಕ್ತಾ. ಮನೆಯಲ್ಲಿ ಅಷ್ಟು ಸುಲಭ ಅಲ್ಲ. ಕವರಲ್ಲಿ ದುಡ್ಡಿಟ್ಟು ಕೊಟ್ಟೆ, ಶೋಶೋ ವಾಪಸ್ ನನ್ನ ಜೇಬಿಗೇ ತುರುಕಿದರು. ಹೋಗುವಾಗಲೇ ಸಕ್ಕರೆ, ಟೀ ಪುಡಿ, ಎಣ್ಣೆ, ಎರಡು ಕೆಜಿಯ ಹಿಟ್ಟಿನ ಪ್ಯಾಕೆಟ್ ಒಯ್ಯಿರಿ. ಅದು ಅಲ್ಲಿನ ರೂಢಿ, ಬೇಡ ಅನ್ನುವುದಿಲ್ಲ. ಅಂದಹಾಗೆ ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲೇ ಹಾಕಿಸಿ. ವಾಪಸ್ ಬರುವಾಗ ಕಾರ್ಡ್ ಇಲ್ಲದಿದ್ದರೆ ನಮ್ಮವರೇ ಆರು ದಿನ ಕ್ವಾರಂಟೈನ್‌ಗೆ ಹಾಕಬಹುದು.

ನನ್ನನ್ನು ಕೇಳಿದರೆ ಹೋಗುವಾಗ, ಬರುವಾಗ ಗೆಸ್ಟ್ ಹೌಸ್, ಉಳಿದದ್ದೆಲ್ಲ ಮನೆ. ಆದರೆ ಒಂದೇ ಮನೆಗೆ ನಾಲ್ಕು ದಿನಕ್ಕಿಂತ ಜಾಸ್ತಿ ಭಾರ ಆಗಬೇಡಿ. ನಾವು ಏಳು ದಿನ ಇದ್ದೆವು, ತಪ್ಪು ಮಾಡಿದೆವು.

ಈಗ ಆ ಸಭೆಯಿಂದ ನಾಲ್ವರು ಕೋಲಾರಕ್ಕೆ ಬರುತ್ತಾರಂತೆ. ಕಮಿಟಿಯಲ್ಲಿ ಮೊದಲು ಬಂದ ಮಾತು, 'ಲಾಡ್ಜ್ ಬುಕ್ ಮಾಡೋಣ'. ವಿದೇಶದವರನ್ನು ಮನೆಯಲ್ಲಿ ಇಳಿಸಿಕೊಂಡರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ತಿಳಿಸುವ ಫಾರಂ ತುಂಬಬೇಕು, ಯಾಕೆ ತಲೆನೋವು ಅಂತ. ಆನ್‌ಲೈನಲ್ಲೇ ತುಂಬಬಹುದು, ನಾನೇ ತುಂಬುತ್ತೇನೆ ಅಂದೆ. ಮನೆಗೆ ಬಂದು ಹೇಳಿದಾಗ ಅಮ್ಮ ಆಗಲೇ ಮೇಲಿನ ರೂಮಿನ ರಾಗಿ ಮೂಟೆ ಕೆಳಗಿಳಿಸುತ್ತಿದ್ದರು.

'ಮುದ್ದೆ ತಿಂತಾರೇನೋ ಅವರು?'

'ತಿಂತಾರಮ್ಮ. ಆದ್ರೆ ಅಗೀತಾರೆ.'