ಎರಡು ವೂಫರ್‌ನ ಬಾಕ್ಸ್ ಮಾಡಿಸುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ

ಮಂಗಳೂರಿನಲ್ಲಿ ಸ್ಪೀಕರ್ ಬಾಕ್ಸ್ ಮಾಡಿಸಬೇಕೆಂದಿರುವವರು, ಅದರಲ್ಲೂ ಒಂದೇ ಬಾಕ್ಸಿನಲ್ಲಿ ಎರಡು ವೂಫರ್ (ತಗ್ಗಿನ ನಾದ ಕೊಡುವ ಸ್ಪೀಕರ್) ಕೂರಿಸಿ ಪೋರ್ಟ್ (ಒಳಗಿನ ಗಾಳಿ ಹೊರಗೆ ಆಡುವ ಪೈಪು) ಇಡಿಸಬೇಕೆಂದಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 32,000 ರೂಪಾಯಿ ಕೊಟ್ಟು ಮೋಸಹೋಗಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಏಕೆಂದರೆ ಲೆಕ್ಕವನ್ನೆಲ್ಲ ಮಾಡಿ, ಕಾಗದದಲ್ಲಿ ಬರೆದುಕೊಟ್ಟು, ಆಮೇಲೂ ಮೋಸಹೋದವನು ನಾನು.

ಉಡುಪಿಯ ನಮ್ಮ ಮನೆಯಲ್ಲಿ ಯಕ್ಷಗಾನದ ಹಳೆಯ ಧ್ವನಿಮುದ್ರಣಗಳನ್ನು ಕೇಳುವುದು ತಂದೆಯ ಕಾಲದಿಂದ ಬಂದ ರೂಢಿ. ಮದ್ದಳೆಯ ನಾದ ತುಂಬಿ ಕೇಳಬೇಕೆಂಬ ಆಸೆಯಿಂದ ನಾಲ್ಕು ಎಂಟಿಂಚಿನ ವೂಫರ್‌ಗಳನ್ನು ನಾನೇ ಕೊಂಡು, ಬಾಕ್ಸ್ ಮಾತ್ರ ಮಾಡಿಸಲು ಹಂಪನಕಟ್ಟೆ ಕಡೆಯ ಒಂದು ಅಂಗಡಿಗೆ ಕೊಟ್ಟೆ. ಒಂದೊಂದು ವೂಫರ್‌ನ ಎಫ್‌ಎಸ್ (ಅದು ತಾನಾಗಿ ಕಂಪಿಸುವ ಆವರ್ತನ) 38 ಹರ್ಟ್ಸ್, ಕ್ಯುಟಿಎಸ್ (ಆ ಕಂಪನ ಎಷ್ಟು ಹಿಡಿತದಲ್ಲಿದೆ ಎಂಬ ಸಂಖ್ಯೆ) 0.38, ವಿಎಎಸ್ (ವೂಫರ್‌ನ ಸ್ಪ್ರಿಂಗಿನಷ್ಟೇ ಬಿಗಿಯಿರುವ ಗಾಳಿಯ ಪ್ರಮಾಣ) 50 ಲೀಟರ್. ಅಂಥ ಒಂದು ವೂಫರ್‌ಗೆ ಸುಮಾರು 35 ಲೀಟರ್ ಗಾಳಿಯ ಬಾಕ್ಸ್ ಬೇಕು, ಪೋರ್ಟ್ 38 ಹರ್ಟ್ಸ್‌ಗೆ ಟ್ಯೂನ್ ಆಗಬೇಕು, ಅಂದರೆ ಪೈಪಿನ ಗಾಳಿ ಆ ಆವರ್ತನದಲ್ಲಿ ಹೆಚ್ಚು ಕಂಪಿಸಬೇಕು. ಅಂಥವೇ ಎರಡನ್ನು ಒಂದೇ ಬಾಕ್ಸಿಗೆ ಹಾಕಿದಾಗ ಎಫ್‌ಎಸ್ ಮತ್ತು ಕ್ಯುಟಿಎಸ್ ಬದಲಾಗುವುದಿಲ್ಲ, ಆದರೆ ವಿಎಎಸ್ ಎರಡು ಪಟ್ಟಾಗುತ್ತದೆ. ಆದ್ದರಿಂದ ಬಾಕ್ಸ್ ಕೂಡ ಎರಡು ಪಟ್ಟು, ಅಂದರೆ 70 ಲೀಟರ್ ಆಗಲೇಬೇಕು. ಇದು ನನ್ನ ಕಲ್ಪನೆಯಲ್ಲ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಬರೆದು, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದ ಲೆಕ್ಕ ಇದು. 70 ಲೀಟರ್‌ಗೆ 7.5 ಸೆಂಟಿಮೀಟರ್ ಒಳವ್ಯಾಸದ ಎರಡು ಪೈಪುಗಳು, ಒಂದೊಂದೂ 21 ಸೆಂಟಿಮೀಟರ್ ಉದ್ದ. ಇಷ್ಟನ್ನೂ ಬರೆದುಕೊಟ್ಟಿದ್ದೆ. ಅಂಗಡಿಯವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, "ಎಲ್ಲ ಇದರ ಪ್ರಕಾರವೇ ಆಗ್ತದೆ ಸರ್, ನೀವು ತಲೆಬಿಸಿ ಮಾಡಬೇಡಿ" ಎಂದರು. ಅಲ್ಲೇ ನಿಂತು 18,000 ಮುಂಗಡ ಕಳಿಸಿದೆ.

ಆರು ವಾರ ಕಳೆದ ಮೇಲೆ ಟೆಂಪೋದಲ್ಲಿ ಬಾಕ್ಸ್‌ಗಳು ಬಂದವು. ನೋಡಿದ ಕೂಡಲೇ ಸಣ್ಣದೆನಿಸಿತು. ಕೇಳಿದೆ ಕೂಡ. ತಂದ ಹುಡುಗ "ಹೊಸ ಡಿಸೈನ್ ಸರ್" ಎಂದ. ಹೊರಗೆ ಮಳೆ ಸುರಿಯುತ್ತಿತ್ತು, ಟೆಂಪೋದವರು ಅವಸರ ಮಾಡುತ್ತಿದ್ದರು, ಉಳಿದ 14,000ವನ್ನೂ ಕೊಟ್ಟುಬಿಟ್ಟೆ. ಆ ಒಂದು ಗಳಿಗೆ ನನಗೆ ಈಗಲೂ ನಿದ್ದೆ ಕೆಡಿಸುತ್ತದೆ.

ಹಾಕಿ ಕೇಳಿದರೆ ಮದ್ದಳೆಯ ಪ್ರತಿ ಪೆಟ್ಟೂ ಒಂದೇ ಸ್ವರದಲ್ಲಿ ಧೊಂ ಧೊಂ ಎನ್ನುತ್ತಿತ್ತು, ಭಾಗವತರ ಕಂಠವೂ ಕೊಡಪಾನದೊಳಗಿಂದ ಬಂದಂತಿತ್ತು. ರಾತ್ರಿ ಫೋನಿನಿಂದ ಒಂದೊಂದೇ ಆವರ್ತನದ ಸ್ವರ ನುಡಿಸಿ ವೂಫರ್‌ನ ಕೋನ್ (ಒಳಗೆ ಹೊರಗೆ ಅಲುಗಾಡಿ ಸದ್ದು ಮಾಡುವ ಮುಂಭಾಗ) ನೋಡುತ್ತಾ ಕುಳಿತೆ. ಬಾಕ್ಸ್ ಯಾವ ಆವರ್ತನಕ್ಕೆ ಟ್ಯೂನ್ ಆಗಿದೆಯೋ ಅಲ್ಲಿ ಕೋನ್ ಅಲುಗಾಡುವುದು ತೀರಾ ಕಡಿಮೆಯಾಗಬೇಕು. 38ರಲ್ಲಿ ಕೋನ್ ಹೊರಗೆ ಹಾರಿಬರುವ ಹಾಗೆ ಕುಣಿಯುತ್ತಿತ್ತು. ಅದು ನಿಂತದ್ದು 69 ಹರ್ಟ್ಸ್‌ನ ಹತ್ತಿರ. ಟ್ಯೂನ್ ಆದ ಆವರ್ತನಕ್ಕಿಂತ ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ. ಸ್ವಲ್ಪ ಜೋರಾಗಿ ಇಟ್ಟಿದ್ದರೆ ವೂಫರ್‌ಗಳೇ ಹಾಳಾಗುತ್ತಿದ್ದವು.

ಮರುದಿನ ವೂಫರ್‌ಗಳನ್ನು ಬಿಚ್ಚಿದೆ. ಮೇಲಿನ ತೂತಿನ ಅಂಚು ರೂಟರ್ ಎಂಬ ಮರ ಕೊರೆಯುವ ಯಂತ್ರದಲ್ಲಿ ಕೊರೆದು ನುಣುಪಾಗಿತ್ತು. ಕೆಳಗಿನ ತೂತನ್ನು ಕೈಗರಗಸದಲ್ಲಿ ಕೊಯ್ದಂತಿತ್ತು, ಅಂಚಿನಲ್ಲಿ ಮೈಕಾ ಎದ್ದು ಬಂದಿತ್ತು, ಒಳಗಿನ ಮೂಲೆಯಲ್ಲಿ ಹಸಿ ಮರದಪುಡಿ ಇನ್ನೂ ಬಿದ್ದಿತ್ತು. ಟೇಪ್ ಹಿಡಿದೆ: ಒಳ ಅಳತೆ 60, 26, 25 ಸೆಂಟಿಮೀಟರ್. 39 ಲೀಟರ್. ವೂಫರ್‌ಗಳೂ ಪೈಪುಗಳೂ ಹಿಡಿಯುವ ಜಾಗ ಕಳೆದರೆ 36. ಎಪ್ಪತ್ತು ಕೇಳಿದವನಿಗೆ ಮೂವತ್ತಾರು! ಪೈಪು 21ರ ಬದಲು 10 ಸೆಂಟಿಮೀಟರ್. ಅಂದರೆ ಒಂದು ವೂಫರ್‌ಗೆಂದು ಮೊದಲೇ ಮಾಡಿಟ್ಟಿದ್ದ ಬಾಕ್ಸಿಗೆ ಇನ್ನೊಂದು ತೂತು ಕೊರೆದು ಕಳಿಸಿದ್ದರು. ನನ್ನ ಕಾಗದವನ್ನು ಅವರು ಬಿಡಿಸಿಯೇ ನೋಡಿರಲಿಲ್ಲವೆಂದು ನನಗೆ ಆಗ ಖಚಿತವಾಯಿತು. ಟೇಪು ಕೈಯಲ್ಲಿದ್ದ ಹಾಗೆಯೇ ತುಂಬಾ ಹೊತ್ತು ನೆಲದ ಮೇಲೆ ಕುಳಿತಿದ್ದೆ.

ಫೋನ್ ಮಾಡಿದರೆ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. "ನೀವು ಎರಡು ವೂಫರ್ ಹೇಳಿದ್ದು, ಎರಡು ಕೂರಿಸಿ ಕೊಟ್ಟಿದ್ದೇವಲ್ಲ?" "ಬೇಸ್ ಬರ್ತಾ ಉಂಟಲ್ಲ, ಮತ್ತೆಂತ ಬೇಕು?" "ನಮ್ಮ ಬಾಕ್ಸ್ ಎಷ್ಟು ಜಾತ್ರೆಗೆ ಹೋಗಿದೆ ಮಾರಾಯ್ರೆ, ಒಳಗೆ ಟೇಪ್ ಹಿಡಿದವರು ನೀವೊಬ್ಬರೇ." ಅಳತೆಯನ್ನು ಹಿಡಿದು ಕೇಳಿದಾಗ, "ಎರಡು ವೂಫರ್ ಒಟ್ಟಿಗೆ ತಳ್ಳುವಾಗ ಬಾಕ್ಸ್ ಸಣ್ಣದಾದರೂ ಸಾಕು" ಎಂದರು. ಅದು ಒಂದು ವೂಫರ್‌ನ ಹಿಂದೆ ಇನ್ನೊಂದನ್ನು ಮುಚ್ಚಿ ಕೂರಿಸುವ ಐಸೊಬಾರಿಕ್ ಎಂಬ ಜೋಡಣೆಗೆ ಮಾತ್ರ ಹೊಂದುವ ಮಾತು. ನನ್ನ ಎರಡೂ ವೂಫರ್‌ಗಳು ಮುಂದಿನ ಹಲಗೆಯಲ್ಲಿಯೇ ಇವೆ. ಹಾಗೆಂದು ಹೇಳಿದ್ದಕ್ಕೆ ಕೊನೆಯ ಉತ್ತರ: "ನೀವೇ ಬಿಚ್ಚಿದ್ದೀರಲ್ಲ, ಇನ್ನು ವಾಪಸ್ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ." ಬಿಚ್ಚದೆ ಮೋಸ ತಿಳಿಯುವುದು ಹೇಗೆ? ಇದಕ್ಕೆ ಅವರು ಮಾತಾಡಲಿಲ್ಲ.

ನೀವು ಮಾಡಿಸುವುದಾದರೆ ಲೀಟರ್, ಟ್ಯೂನಿಂಗ್, ಪೈಪಿನ ಉದ್ದ ಈ ಮೂರನ್ನೂ ಬಿಲ್ಲಿನಲ್ಲಿಯೇ ಬರೆಸಿ, ಕಾಗದವನ್ನು ಅವರ ಜೇಬಿಗೆ ಕೊಡಬೇಡಿ. ವೂಫರ್ ಕೂರಿಸುವ ಮೊದಲು ಅಂಗಡಿಗೇ ಹೋಗಿ ತೂತಿನೊಳಗೆ ಕೈ ಹಾಕಿ ಅಳೆಯಿರಿ, ಅಳೆಯಲು ಬಿಡದಿದ್ದರೆ ಎದ್ದು ಬನ್ನಿ. ಬಾಕಿ ಹಣವನ್ನು ಮಳೆಯಲ್ಲಿ, ಅವಸರದಲ್ಲಿ, ಟೆಂಪೋದ ಮುಂದೆ ನಿಂತು ಖಂಡಿತ ಕೊಡಬೇಡಿ.

ಸದ್ಯಕ್ಕೆ ಪ್ರತಿ ಬಾಕ್ಸಿನಿಂದ ಕೆಳಗಿನ ವೂಫರ್ ತೆಗೆದು, ಆ ತೂತಿಗೆ ಪ್ಲೈವುಡ್ ಹಲಗೆ ಬಡಿದು, ಪೈಪುಗಳಲ್ಲಿ ಒಂದನ್ನು ಮುಚ್ಚಿ, ಇನ್ನೊಂದಕ್ಕೆ ಲೆಕ್ಕದ ಪ್ರಕಾರ ಉದ್ದ ಜೋಡಿಸಿದ್ದೇನೆ. ಮದ್ದಳೆ ಈಗ ಮದ್ದಳೆಯಂತೆ ಕೇಳುತ್ತದೆ. ಉಳಿದ ಎರಡು ವೂಫರ್‌ಗಳು ಕಪಾಟಿನಲ್ಲಿವೆ. ಹಣ ವಾಪಸ್ ಬಂದಿಲ್ಲ, ಅಂಗಡಿಯವರು ಈಗ ನನ್ನ ಫೋನ್ ಎತ್ತುವುದೂ ಇಲ್ಲ.