ಮಕ್ಕಳ ಜೊತೆ ಅಡಿರಾಂಡ್ಯಾಕ್: ಮೊದಲ ಬೆಟ್ಟಕ್ಕೆ ಹಾರ್ಟ್ ಲೇಕ್ ಮತ್ತು ಮೌಂಟ್ ಜೋ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿರುವ ಅಡಿರಾಂಡ್ಯಾಕ್ ಬೆಟ್ಟಸಾಲಿನಲ್ಲಿ ಮಕ್ಕಳೊಂದಿಗೆ ಹತ್ತಲು ಯಾವ ಬೆಟ್ಟ ಒಳ್ಳೆಯದು ಎಂದು ಹುಡುಕಿದರೆ ಮೊದಲು ಸಿಗುವ ಹೆಸರು ಕ್ಯಾಸ್ಕೇಡ್. ಸುಮಾರು 4,000 ಅಡಿ ಅಥವಾ ಅದಕ್ಕೂ ಎತ್ತರದ 'ಹೈ ಪೀಕ್'ಗಳ ಪೈಕಿ ಅದು ಸುಲಭದ್ದು ಎಂಬ ಮಾತು ನಿಜ. ಆದರೆ ಬೇರೆ ಹೈ ಪೀಕ್‌ಗಳಿಗೆ ಹೋಲಿಸಿದರೆ ಮಾತ್ರ ಸುಲಭ. ಐದಾರು ವರ್ಷದ ಮಗುವಿಗೆ ಅಲ್ಲ. ಅಂಥ ಮಗುವಿರುವ ಮನೆಯವರಿಗೆ, ಅಥವಾ ಊರಿಂದ ಅಪ್ಪ ಅಮ್ಮ ಬಂದಿದ್ದು ಅವರನ್ನೂ ಕರೆದುಕೊಂಡು ಹೊರಡುವವರಿಗೆ, ಹಾರ್ಟ್ ಲೇಕ್ ಮತ್ತು ಅದರ ಪಕ್ಕದ ಮೌಂಟ್ ಜೋಗಿಂತ ಒಳ್ಳೆಯ ಜಾಗ ಈ ಪ್ರದೇಶದಲ್ಲಿ ಇಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಈ ಜಾಗ 1922ರಲ್ಲಿ ಶುರುವಾದ ಅಡಿರಾಂಡ್ಯಾಕ್ ಮೌಂಟನ್ ಕ್ಲಬ್‌ನದು. ಕೆರೆ, ದಂಡೆಯ ಮೇಲೆ 1927ರಲ್ಲಿ ಕಟ್ಟಿದ ಲಾಡ್ಜ್, ಡೇರೆ ಹಾಕುವ ಮೈದಾನ, ಮಾಹಿತಿ ಕೇಂದ್ರ, ಬೆಟ್ಟದ ಹಾದಿ, ಎಲ್ಲವೂ ಒಂದೇ ಆವರಣದಲ್ಲಿವೆ. ಮಕ್ಕಳಿರುವವರಿಗೆ ಇದರ ನಿಜವಾದ ಲಾಭ ಇದೇ. ಅರ್ಧ ದಾರಿಯಲ್ಲಿ ಮಗು ಹಟ ಹಿಡಿದರೆ ಒಬ್ಬರು ಅದನ್ನು ಕೆರೆಯ ಹತ್ತಿರ ಇಳಿಸಿಕೊಂಡು ಬರಬಹುದು, ಉಳಿದವರು ಮುಂದೆ ಹೋಗಬಹುದು. ಒಳ್ಳೆಯ ಶೌಚಾಲಯ ಇದೆ, ಮಳೆ ಬಂದರೆ ನಿಲ್ಲಲು ಸೂರಿದೆ.

ದಾರಿ ಹೀಗೆ: ಆಲ್ಬನಿಯಿಂದ ಐ-87 ಹೆದ್ದಾರಿ ಹಿಡಿದು ಉತ್ತರಕ್ಕೆ, 30ನೇ ಎಕ್ಸಿಟ್‌ನಲ್ಲಿ ಇಳಿದು ರೂಟ್ 73ರಲ್ಲಿ ಲೇಕ್ ಪ್ಲಾಸಿಡ್ ಊರಿನ ಕಡೆಗೆ. ಆಲ್ಬನಿಯಿಂದ ಸುಮಾರು ಎರಡೂವರೆ ಗಂಟೆ, ನ್ಯೂಯಾರ್ಕ್ ನಗರದಿಂದ ಐದು. ಲೇಕ್ ಪ್ಲಾಸಿಡ್ ಇನ್ನೂ ಕೆಲವು ಮೈಲಿ ಇರುವಾಗಲೇ ಎಡಕ್ಕೆ ಅಡಿರಾಂಡ್ಯಾಕ್ ಲಾಜ್ ರಸ್ತೆ ಸಿಗುತ್ತದೆ. ಅದು ಸುಮಾರು 5 ಮೈಲಿ ಹೋಗಿ ಕೆರೆಯ ಹತ್ತಿರ ಮುಗಿಯುತ್ತದೆ. ಕಣಿವೆಯ ಒಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಆದ್ದರಿಂದ ನಕ್ಷೆಯನ್ನು ಹೊರಡುವ ಮುನ್ನವೇ ಫೋನಿಗೆ ಇಳಿಸಿಕೊಳ್ಳಿ.

ಈ ಜಾಗದ ದೊಡ್ಡ ತೊಂದರೆ ಪಾರ್ಕಿಂಗ್. ಶುಲ್ಕವಿದೆ, ಕ್ಲಬ್‌ನ ಸದಸ್ಯರಿಗೆ ಕಡಿಮೆ. ಮೊದಲು ಬಂದವರಿಗೆ ಮೊದಲ ಜಾಗ. ರಾಜ್ಯದ ಅತಿ ಎತ್ತರದ ಮಾರ್ಸಿ (5,344 ಅಡಿ) ಮತ್ತು ಎರಡನೆಯ ಆಲ್ಗೊಂಕ್ವಿನ್, ಎರಡಕ್ಕೂ ಹೊರಡುವವರು ಇಲ್ಲೇ ಕಾರು ನಿಲ್ಲಿಸಿ ನಸುಕಿನಲ್ಲೇ ನಡೆಯಲು ಶುರುಮಾಡುತ್ತಾರೆ. ಅವರ ಕಾರುಗಳು ಸಂಜೆಯವರೆಗೂ ಕದಲುವುದಿಲ್ಲ. ತಿಂಡಿ ತಿಂದು ಆರಾಮವಾಗಿ ಹತ್ತು ಗಂಟೆಗೆ ಬರುವ ಕುಟುಂಬಕ್ಕೆ ಶನಿವಾರ, ಭಾನುವಾರ ಜಾಗ ಸಿಗದಿರಲು ಕಾರಣ ಇದು. ಎಲೆ ಬಣ್ಣ ತಿರುಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ವಾರದ ನಡುವೆ ಬನ್ನಿ, ಇಲ್ಲವಾದರೆ ಏಳು ಗಂಟೆಯೊಳಗೆ ಗೇಟಿನಲ್ಲಿರಿ. ರಸ್ತೆಬದಿಯಲ್ಲಿ ನಿಲ್ಲಿಸಿದರೆ ದಂಡ ಬೀಳುತ್ತದೆ.

ಇನ್ನು ಬೆಟ್ಟ. ಮೌಂಟ್ ಜೋ 2,876 ಅಡಿ. ಕೆರೆಯೇ ಎತ್ತರದಲ್ಲಿರುವುದರಿಂದ ನೀವು ಹತ್ತುವುದು ಸುಮಾರು 700 ಅಡಿ ಮಾತ್ರ. ಹಾದಿಯ ಆರಂಭದಲ್ಲಿ ಹೆಸರು ಬರೆಯುವ ಪುಸ್ತಕವಿದೆ. ಎಷ್ಟು ಜನ, ಎಲ್ಲಿಗೆ ಎಂದು ತಪ್ಪದೆ ಬರೆಯಿರಿ, ವಾಪಸ್ ಬಂದಾಗ ಬಂದೆವೆಂದು ಗುರುತು ಹಾಕಿ. ಯಾರಾದರೂ ಕಾಣೆಯಾದರೆ ರೇಂಜರ್‌ಗಳು ಹುಡುಕಾಟ ಶುರುಮಾಡುವುದು ಆ ಪುಸ್ತಕದಿಂದ. ಸ್ವಲ್ಪ ದೂರ ಹೋದ ಮೇಲೆ ದಾರಿ ಎರಡಾಗುತ್ತದೆ: ಬಲಕ್ಕೆ ಶಾರ್ಟ್ ಟ್ರೇಲ್, ಎಡಕ್ಕೆ ಲಾಂಗ್ ಟ್ರೇಲ್. ಪಾರ್ಕಿಂಗ್‌ನಿಂದ ಲೆಕ್ಕ ಹಾಕಿದರೆ ಮೊದಲನೆಯದು ತುದಿಗೆ 1.1 ಮೈಲಿ, ಎರಡನೆಯದು 1.3. ವ್ಯತ್ಯಾಸ ಇಷ್ಟೇ ಅಲ್ಲವೇ ಎಂದು ಶಾರ್ಟ್ ಟ್ರೇಲ್‌ನಲ್ಲೇ ಹತ್ತಿ ಅದರಲ್ಲೇ ಇಳಿಯುವವರು ಬಹಳ. ಅಲ್ಲೇ ಮೊಣಕಾಲು ಕೈಕೊಡುವುದು. ಆ ಹಾದಿ ನೆಟ್ಟಗೆ ಮೇಲೇರುತ್ತದೆ. ಕೆಲವು ಬಂಡೆ ಮೆಟ್ಟಿಲುಗಳು ದೊಡ್ಡವರ ಮೊಣಕಾಲಿನವರೆಗೆ ಬರುತ್ತವೆ. ಹತ್ತುವಾಗ ಮಕ್ಕಳಿಗೆ ಅದು ಆಟ, ಕೈಕಾಲು ಊರಿಕೊಂಡು ಖುಷಿಯಿಂದ ಹತ್ತುತ್ತಾರೆ. ಇಳಿಯುವಾಗ ಕಾಲು ಎಟುಕುವುದಿಲ್ಲ, ಕಲ್ಲು ಒದ್ದೆಯಾಗಿದ್ದರೆ ಜಾರುತ್ತದೆ. ಆದ್ದರಿಂದ ಶಾರ್ಟ್ ಟ್ರೇಲ್‌ನಲ್ಲಿ ಹತ್ತಿ ಲಾಂಗ್ ಟ್ರೇಲ್‌ನಲ್ಲಿ ಇಳಿಯಿರಿ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಗುವಿದ್ದರೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದರೆ ಅಥವಾ ಮಳೆ ಬಿದ್ದಿದ್ದರೆ ಎರಡೂ ಕಡೆಗೆ ಲಾಂಗ್ ಟ್ರೇಲ್. ಸ್ಟ್ರಾಲರ್ ಇಲ್ಲಿ ಹತ್ತು ಹೆಜ್ಜೆಯೂ ಸಾಗದು.

ಎಷ್ಟು ಹೊತ್ತು ಬೇಕು ಎನ್ನುವುದಕ್ಕೆ ಈ ಬೆಟ್ಟಗಳಲ್ಲಿ ಬಳಸುವ ಒಂದು ಲೆಕ್ಕ ಇದೆ: ಮೈಲಿಗೆ ಅರ್ಧ ಗಂಟೆ, ಪ್ರತಿ 1,000 ಅಡಿ ಏರಿಗೆ ಮತ್ತೆ ಅರ್ಧ ಗಂಟೆ. ಲಾಂಗ್ ಟ್ರೇಲ್‌ಗೆ ಇದು 39 ನಿಮಿಷ ಮತ್ತು 21 ನಿಮಿಷ, ಒಟ್ಟು ಒಂದು ಗಂಟೆ. ಸಣ್ಣ ಮಕ್ಕಳಿದ್ದರೆ ಇದನ್ನು ಇಮ್ಮಡಿ ಮಾಡಿಕೊಳ್ಳಿ. ಇಳಿಯುವ ಹೊತ್ತು, ಮೇಲೆ ಕೂತು ತಿನ್ನುವ ಹೊತ್ತು ಸೇರಿ ನಾಲ್ಕು ಗಂಟೆ ಇಟ್ಟುಕೊಂಡರೆ ಯಾರನ್ನೂ ಗದರಿಸದೆ ಮುಗಿಸಬಹುದು. ಇದೇ ಲೆಕ್ಕವನ್ನು ಕ್ಯಾಸ್ಕೇಡ್‌ಗೆ ಹಾಕಿ ನೋಡಿ: ಒಂದು ಕಡೆಗೆ 2.4 ಮೈಲಿ, ಏರು 1,940 ಅಡಿ. ದೊಡ್ಡವರಿಗೇ ಹತ್ತಲು ಎರಡು ಗಂಟೆ ಹತ್ತು ನಿಮಿಷ, ಮಗುವಿನ ಜೊತೆ ನಾಲ್ಕು ಗಂಟೆ ಮೀರುತ್ತದೆ. ಇಳಿಯುವುದು ಬೇರೆ. ಎಂಟು ಒಂಬತ್ತರ, ನಡೆದು ಅಭ್ಯಾಸವಿರುವ ಮಕ್ಕಳಿಗೆ ಅದು ಒಳ್ಳೆಯ ಎರಡನೆಯ ಬೆಟ್ಟ.

ಜೋ ತುದಿಯಲ್ಲಿ ಮರ ಸರಿದು ಬೋಳು ಬಂಡೆ ತೆರೆದುಕೊಳ್ಳುತ್ತದೆ. ಕಾಲಬುಡದಲ್ಲಿ ಹಾರ್ಟ್ ಲೇಕ್, ಎದುರಿಗೆ ಆಲ್ಗೊಂಕ್ವಿನ್, ಕೋಲ್ಡನ್, ಮಾರ್ಸಿ. ಇಷ್ಟು ಕಡಿಮೆ ಏರಿಗೆ ಇಷ್ಟೊಂದು ದೊಡ್ಡ ಬೆಟ್ಟಗಳನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ಅಪರೂಪ. ಅದಕ್ಕೇ ನಾವು ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದು. ಆದರೆ ಬಂಡೆಯ ಅಂಚಿಗೆ ಕಂಬಿ ಇಲ್ಲ, ಕೆಳಗೆ ನೇರ ಇಳುಕಲು. ಬುತ್ತಿ ಬಿಚ್ಚಲು ಅಂಚಿನಿಂದ ಹಿಂದಿರುವ ಚಪ್ಪಟೆ ಜಾಗ ಹಿಡಿಯಿರಿ, ಚಿಕ್ಕವರ ಕೈ ಬಿಡಬೇಡಿ. ಗುಡುಗು ಕೇಳಿಸಿದ ಕೂಡಲೇ ಕಾಡಿನೊಳಕ್ಕೆ ಇಳಿಯಬೇಕು. ಬೇಸಿಗೆಯಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಬೆಳಗ್ಗೆ ಬೇಗ ಹೊರಡಲು ಅದೂ ಒಂದು ಕಾರಣ.

ಯಾವಾಗ ಹೋಗಬೇಕು? ಏಪ್ರಿಲ್, ಮೇ ಬೇಡ. ಹಿಮ ಕರಗಿ ಹಾದಿ ಕೆಸರಾಗಿರುತ್ತದೆ. ಕೆಸರು ತಪ್ಪಿಸಲು ಜನ ಪಕ್ಕದ ಗಿಡ ತುಳಿದು ಹಾದಿ ಅಗಲಿಸುತ್ತಾರೆ ಎಂದೇ 2,500 ಅಡಿಗಿಂತ ಮೇಲಿನ ಹಾದಿಗಳಿಗೆ ಆಗ ಬರಬೇಡಿ ಎಂದು ರಾಜ್ಯದ ಪರಿಸರ ಇಲಾಖೆ ಕೇಳಿಕೊಳ್ಳುತ್ತದೆ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಕರಿನೊಣದ ಕಾಲ. ಮಲೆನಾಡಿನ ಹಾಗೆ ಕಾಲಿಗೆ ಹತ್ತುವ ಇಂಬಳದ ಕಾಟ ಇಲ್ಲಿಲ್ಲ, ಆದರೆ ಈ ನೊಣ ಕತ್ತಿನ ಹಿಂದೆ, ಕಿವಿಯ ಬುಡದಲ್ಲಿ, ಕೂದಲಂಚಿನಲ್ಲಿ ಕಚ್ಚಿ ರಕ್ತ ಬರಿಸುತ್ತದೆ, ಮಕ್ಕಳಿಗೆ ಊದಿಕೊಳ್ಳುತ್ತದೆ. ಗಾಢ ಬಣ್ಣದ ಬಟ್ಟೆ ಅದನ್ನು ಸೆಳೆಯುತ್ತದೆ. ತಿಳಿ ಬಣ್ಣದ ಉದ್ದ ತೋಳಿನ ಅಂಗಿ, ತಲೆಗೆ ಬಲೆಯ ಮುಸುಕು ಇದ್ದರೆ ಪರವಾಗಿಲ್ಲ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಎಲ್ಲಕ್ಕಿಂತ ಉತ್ತಮ. ಚಳಿಗಾಲದಲ್ಲೂ ಜನ ಬರುತ್ತಾರೆ. ಸುತ್ತಲಿನ ಹೈ ಪೀಕ್ಸ್ ಅರಣ್ಯದಲ್ಲಿ ಹಿಮ 8 ಇಂಚು ದಾಟಿದರೆ ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಬೂಟಿಗೆ ಕಟ್ಟುವ ಅಗಲ ಚೌಕಟ್ಟು) ಅಥವಾ ಸ್ಕೀ ಕಡ್ಡಾಯ, ಅವಿಲ್ಲದ ಹೆಜ್ಜೆ ಮಾಡುವ ಗುಂಡಿ ಹೆಪ್ಪುಗಟ್ಟಿ ಹಿಂದೆ ಬರುವವರ ಕಾಲು ಉಳುಕಿಸುತ್ತದೆ. ಸ್ನೋಶೂ ಮಾಹಿತಿ ಕೇಂದ್ರದಲ್ಲೇ ಬಾಡಿಗೆಗೆ ಸಿಗುತ್ತದೆ.

ಜೀನ್ಸ್, ಹತ್ತಿಯ ಅಂಗಿ ಮನೆಯಲ್ಲೇ ಇರಲಿ. ಬೆವರು ಹೀರಿದ ಹತ್ತಿ ಆರುವುದಿಲ್ಲ, ತುದಿಯ ಗಾಳಿಗೆ ಆಗಸ್ಟ್‌ನಲ್ಲೂ ಮಕ್ಕಳು ನಡುಗುತ್ತಾರೆ. ಎಲ್ಲರಿಗೂ ಒಂದು ಫ್ಲೀಸ್, ಒಂದು ಮಳೆ ಜಾಕೆಟ್. ಅಡಿಯಲ್ಲಿ ಆಳವಾದ ಗೆರೆಯಿರುವ ಶೂ ಸಾಕು, ದುಬಾರಿ ಬೂಟು ಬೇಕಿಲ್ಲ. ಮಕ್ಕಳಿಗೆ ತಲಾ ಒಂದು ಲೀಟರ್, ದೊಡ್ಡವರಿಗೆ ಒಂದೂವರೆ ಲೀಟರ್ ನೀರು ಹೊತ್ತುಕೊಳ್ಳಿ. ತೊರೆಯ ನೀರು ತಿಳಿಯಾಗಿ ಕಂಡರೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿಯ ಭಯವಿದೆ, ಶುದ್ಧಮಾಡದೆ ಕುಡಿಸಬೇಡಿ. ಬುತ್ತಿಗೆ ಪುಳಿಯೋಗರೆ, ಚಪಾತಿ ಸುರುಳಿ, ಚಕ್ಕುಲಿ, ಕಡಲೆಕಾಯಿ ಚಿಕ್ಕಿ ಚೆನ್ನ. ಮೊಸರನ್ನ ಬೆನ್ನಚೀಲದ ಶಾಖಕ್ಕೆ ಹುಳಿಯುತ್ತದೆ. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ, ಸುತ್ತಲಿನ ಹೈ ಪೀಕ್ಸ್ ಅರಣ್ಯದೊಳಗೆ ಗಾಜಿನ ಬಾಟಲಿ ನಿಷಿದ್ಧ. ಕಿತ್ತಳೆ ಸಿಪ್ಪೆ, ಕಡಲೆ ಸಿಪ್ಪೆಯೂ ನಿಮ್ಮ ಜೊತೆ ವಾಪಸ್ ಬರಬೇಕು, ಈ ಚಳಿಯಲ್ಲಿ ಅವು ಬೇಗ ಕೊಳೆಯುವುದಿಲ್ಲ.

ಬೆಟ್ಟ ಬೇಡ ಎನ್ನುವ ಹಿರಿಯರಿಗೆ ಕೆರೆಯ ಸುತ್ತ ಸುಮಾರು ಒಂದು ಮೈಲಿಯ ಹಾದಿಯಿದೆ. ಏರಿಳಿತ ಕಡಿಮೆ, ಆದರೆ ಮರದ ಬೇರುಗಳು ತೊಡರುತ್ತವೆ, ಆದ್ದರಿಂದ ಚಪ್ಪಲಿ ಸಲ್ಲದು, ಒಂದು ಕೋಲಿರಲಿ. ಬೇಸಿಗೆಯಲ್ಲಿ ಕ್ಯಾನೂ ಬಾಡಿಗೆಗೆ ಸಿಗುತ್ತದೆ. 'ಸಮತಟ್ಟು ಹಾದಿ' ಎಂದು ಮಾರ್ಸಿ ಡ್ಯಾಮ್ ಸೂಚಿಸುವವರಿದ್ದಾರೆ. ಹಾದಿ ಸೊಗಸಾದದ್ದೇ, ಆದರೆ ಒಂದು ಕಡೆಗೆ 2.3 ಮೈಲಿ. ಹಳೆಯ ಫೋಟೋಗಳಲ್ಲಿ ಕಾಣುವ ಕೊಳವೂ ಈಗಿಲ್ಲ, 2011ರ ಐರೀನ್ ಚಂಡಮಾರುತದ ನೆರೆ ಅಣೆಕಟ್ಟನ್ನು ಹಾಳುಮಾಡಿತು. ನಾಲ್ಕೈದು ಮನೆಯವರು ಸೇರಿ ಹೋಗುವುದಾದರೆ ಹೈ ಪೀಕ್ಸ್ ಅರಣ್ಯದಲ್ಲಿ ಒಂದು ಗುಂಪಿಗೆ ಹದಿನೈದೇ ಜನ ಎಂಬ ಮಿತಿ ನೆನಪಿರಲಿ.

ರಾತ್ರಿ ಉಳಿಯುವವರಿಗೆ ಲಾಡ್ಜ್‌ನಲ್ಲಿ ಖಾಸಗಿ ಕೋಣೆಯೂ ಇದೆ, ಬಂಕ್ ಕೋಣೆಯೂ ಇದೆ. ಬಚ್ಚಲು ಎಲ್ಲರಿಗೂ ಸೇರಿದ್ದು, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆ. ಸಸ್ಯಾಹಾರ, ಮೊಟ್ಟೆ ಬೇಡ ಎಂಬುದನ್ನೆಲ್ಲ ಬುಕ್ ಮಾಡುವಾಗಲೇ ಬಿಡಿಸಿ ಹೇಳಿ. ಡೇರೆಯಲ್ಲಿ ಉಳಿದರೆ ತಿನ್ನುವ ಪದಾರ್ಥ, ಟೂತ್‌ಪೇಸ್ಟ್ ಸಹ ಒಳಗಿಡಬೇಡಿ, ಇದು ಕಪ್ಪು ಕರಡಿಯ ಕಾಡು. ಉಳಿದುಕೊಂಡವರಿಗೆ ಪಾರ್ಕಿಂಗ್ ಚಿಂತೆ ಇಲ್ಲ, ಬೆಳಗ್ಗೆ ಏಳಕ್ಕೆ ಜೋ ತುದಿಯಲ್ಲಿರಬಹುದು.

ಪಾರ್ಕಿಂಗ್ ತುಂಬಿದೆ ಎಂದು ಗೇಟಿನಿಂದ ವಾಪಸ್ ಕಳಿಸಿದರೆ ಕ್ಯಾಸ್ಕೇಡ್ ಕಡೆ ಓಡಬೇಡಿ. ರೂಟ್ 73ರಲ್ಲಿ ಬಂದ ದಾರಿಯಲ್ಲೇ ಸ್ವಲ್ಪ ಹಿಂದಕ್ಕೆ ಹೋದರೆ ಒಲಿಂಪಿಕ್ ಕ್ರೀಡಾ ಸಂಕೀರ್ಣವಿರುವ ಮೌಂಟ್ ವ್ಯಾನ್ ಹೋವನ್‌ಬರ್ಗ್ ಇದೆ. (ಹಾರ್ಟ್ ಲೇಕ್‌ನಲ್ಲಿ ಮೊದಲ ಲಾಡ್ಜ್ ಕಟ್ಟಿಸಿದ ಹೆನ್ರಿ ವ್ಯಾನ್ ಹೋವನ್‌ಬರ್ಗ್ ಹೆಸರು ಅದಕ್ಕೆ. ಮೌಂಟ್ ಜೋಗೆ ಹೆಸರಿಟ್ಟವನೂ ಅವನೇ, ತಾನು ಮದುವೆಯಾಗಬೇಕಿದ್ದ ಜೋಸೆಫೀನ್ ನೆನಪಿಗೆ.) ಕಾರು ನಿಲ್ಲಿಸಲು ಅಲ್ಲಿ ವಿಶಾಲ ಜಾಗವಿದೆ, ಕಲ್ಲು ಮೆಟ್ಟಿಲು ಜೋಡಿಸಿದ ಈಸ್ಟ್ ಟ್ರೇಲ್ ಒಂದು ಕಡೆಗೆ ಎರಡು ಮೈಲಿಯ ಆಸುಪಾಸು. ಜೋಗಿಂತ ಉದ್ದ, ಆದರೆ ಹಾದಿ ಹದವಾಗಿದೆ. ಮಧ್ಯಾಹ್ನ ಹನ್ನೆರಡರೊಳಗೆ ಹೊರಟರೆ ಮಕ್ಕಳ ಜೊತೆಗೂ ಬೆಳಕಿರುವಾಗಲೇ ಇಳಿದು ಬರಬಹುದು.